ಪಾಪ್‌ಅಪ್ ತಪ್ಪು ಜಾಗದಲ್ಲಿ, ಬೈಗುಳ ಗುಮಾಸ್ತನಿಗೆ

ಕಾಮರ್ಸ್ ಓದುವವರಿಗೆ ಪ್ರೋಗ್ರಾಮಿಂಗ್ ಯಾಕೆ ಎಂದು ನಮ್ಮ ಕಾಲೇಜಿನಲ್ಲಿ ಹಲವರು ಕೇಳುತ್ತಾರೆ. ಅದು ಸೈನ್ಸ್‌ನವರ ಕೆಲಸ, ನಮಗೆ ಟ್ಯಾಲಿ ಬಂದರೆ ಸಾಕು ಎನ್ನುವುದು ಸಾಮಾನ್ಯ ಮಾತು. ನನ್ನ ಅಭಿಪ್ರಾಯ ಬೇರೆ. ಸಾಫ್ಟ್‌ವೇರ್ ಬರೆಯುವವರು ಅದರ ಜೊತೆ ಕೆಲವು ತಿಂಗಳು ಇರುತ್ತಾರೆ, ಮುಗಿಸಿ ಬೇರೆ ಕೆಲಸಕ್ಕೆ ಹೋಗುತ್ತಾರೆ. ಆದರೆ ಅದರ ಮುಂದೆ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ಕೂರುವವರು ಅಂಗಡಿಯ ಬಿಲ್ಲಿಂಗ್ ಕೌಂಟರಿನವರು, ಅಡಿಕೆ ಮಂಡಿಯ ಗುಮಾಸ್ತರು, ಆಡಿಟರ್ ಆಫೀಸಿನ ಹುಡುಗ ಹುಡುಗಿಯರು. ಅಂದರೆ ನಾಳೆಯ ನಾವು. ಆದ್ದರಿಂದ ಸಾಫ್ಟ್‌ವೇರ್ ಹೇಗಿರಬೇಕು ಎಂದು ಹೇಳುವ ಹಕ್ಕು ನಮಗೂ ಇದೆ. ಈ ಲೇಖನದಲ್ಲಿ ಅಂಥ ಒಂದೇ ಒಂದು ಚಿಕ್ಕ ವಿಷಯವನ್ನು ತೆಗೆದುಕೊಂಡಿದ್ದೇನೆ: ಪಾಪ್‌ಅಪ್ ಪೆಟ್ಟಿಗೆ ಪರದೆಯ ಮೇಲೆ ಎಲ್ಲಿ ತೆರೆಯಬೇಕು?

ಮೊದಲು ಎರಡು ಪದಗಳ ಅರ್ಥ ಹೇಳುತ್ತೇನೆ. ಬಟನ್, ಹೆಸರು ತುಂಬುವ ಖಾನೆ, ಆಯ್ಕೆಯ ಪಟ್ಟಿ, ಟಿಕ್ ಹಾಕುವ ಚೌಕ, ಹೀಗೆ ಪರದೆಯ ಮೇಲಿನ ಒಂದೊಂದು ಭಾಗಕ್ಕೂ ವಿಜೆಟ್ ಎಂದು ಹೆಸರು. ನಾವು ಏನನ್ನಾದರೂ ಒತ್ತಿದಾಗ ಉಳಿದದ್ದರ ಮೇಲೆ ತೆರೆದುಕೊಳ್ಳುವ ಪೆಟ್ಟಿಗೆ ಅಥವಾ ಪಟ್ಟಿ ಪಾಪ್‌ಅಪ್. ವಿಜೆಟ್‌ಗೆ ಅದರದೇ ಆದ ಜಾಗ ಇರುತ್ತದೆ. ಪಾಪ್‌ಅಪ್‌ಗೆ ಸ್ವಂತ ಜಾಗ ಇಲ್ಲ. ಅದು ಯಾವಾಗಲೂ ಬೇರೆ ಯಾವುದನ್ನೋ ಮುಚ್ಚಿಕೊಂಡೇ ನಿಲ್ಲಬೇಕು. ಅದಕ್ಕೇ ಅದನ್ನು ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದು ಮುಖ್ಯವಾಗುತ್ತದೆ.

ಹೈಸ್ಕೂಲಿನಲ್ಲಿ ನಾವೆಲ್ಲ ಗ್ರಾಫ್ ಹಾಳೆಯ ಮೇಲೆ ಬಿಂದು ಗುರುತಿಸಿದ್ದೇವೆ. ಅಲ್ಲಿ ಎಕ್ಸ್ ಬಲಕ್ಕೆ ಹೋದಂತೆ ಹೆಚ್ಚುತ್ತದೆ, ವೈ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಸಾಮಾನ್ಯವಾಗಿ ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ಎಕ್ಸ್ ಬಲಕ್ಕೇ ಹೆಚ್ಚುತ್ತದೆ, ಆದರೆ ವೈ ಕೆಳಕ್ಕೆ ಇಳಿದಂತೆ ಹೆಚ್ಚುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಪರದೆಯಲ್ಲಿ ಎಲೆಕ್ಟ್ರಾನ್ ಕಿರಣ ಎಡ ಮೇಲ್ಮೂಲೆಯಿಂದ ಶುರುವಾಗಿ ಸಾಲು ಸಾಲಾಗಿ ಕೆಳಗಿಳಿಯುತ್ತಾ ಚಿತ್ರ ಬರೆಯುತ್ತಿತ್ತು. ಆ ಕ್ರಮವೇ ಇಂದಿಗೂ ಉಳಿದಿದೆ.

ಇಷ್ಟೇ ಆಗಿದ್ದರೆ ಸುಲಭ. ಕಷ್ಟ ಬರುವುದು ‘ಯಾರ ಸೊನ್ನೆ?’ ಎಂಬ ಪ್ರಶ್ನೆಯಲ್ಲಿ. ಬಟನ್‌ನ ಜಾಗವನ್ನು ಅದು ಇರುವ ಕಿಟಕಿಯ ಮೂಲೆಯಿಂದ ಅಳೆಯುತ್ತಾರೆ. ಕಿಟಕಿಯ ಜಾಗವನ್ನು ಪರದೆಯ ಮೂಲೆಯಿಂದ ಅಳೆಯುತ್ತಾರೆ. ಒಂದು ಬಟನ್ ಕಿಟಕಿಯೊಳಗೆ 200, 150ರಲ್ಲಿದೆ, ಆ ಕಿಟಕಿ ಪರದೆಯ ಮೇಲೆ 500, 300ರಲ್ಲಿದೆ ಎಂದುಕೊಳ್ಳಿ. ಹಾಗಾದರೆ ಪರದೆಯ ಲೆಕ್ಕದಲ್ಲಿ ಬಟನ್ ಇರುವುದು 700, 450ರಲ್ಲಿ. ಪ್ರೋಗ್ರಾಮ್ ಬರೆದವರು ಕೂಡುವುದನ್ನು ಮರೆತು 200, 150 ಎಂದೇ ಪಾಪ್‌ಅಪ್‌ಗೆ ಹೇಳಿದರೆ ಅದು ಬಟನ್‌ನಿಂದ ದೂರ, ಪರದೆಯ ಎಡ ಮೇಲ್ಭಾಗದಲ್ಲೆಲ್ಲೋ ತೆರೆಯುತ್ತದೆ. ಯಾವ ಖಾತೆಯದು ಎಂದು ಬರೆಯದೆ ಬರೀ ಮೊತ್ತ ಬರೆದಿಟ್ಟ ಹಾಗೆ ಇದು. ಸಂಖ್ಯೆ ಸರಿಯಾಗಿಯೇ ಇದೆ, ಖಾತೆ ಮಾತ್ರ ಬೇರೆ.

ಪೈಥಾನ್ ಜೊತೆಗೇ ಬರುವ ಟಿಕಿಂಟರ್‌ನಲ್ಲಿ ಯಾವುದೇ ವಿಜೆಟ್‌ಗೆ ‘ಪರದೆಯ ಲೆಕ್ಕದಲ್ಲಿ ನೀನು ಎಲ್ಲಿದ್ದೀಯ?’ ಎಂದು ಕೇಳಬಹುದು. ಅದು ಉತ್ತರ ಕೊಡುತ್ತದೆ. ಅದಕ್ಕೆ ಬಟನ್‌ನ ಎತ್ತರ ಕೂಡಿದರೆ ಬಟನ್‌ನ ಸರಿಯಾಗಿ ಕೆಳಗೆ ಪಟ್ಟಿ ತೆರೆಯುವ ಜಾಗ ಸಿಗುತ್ತದೆ. ಒಂದು ಕೂಡಿಸುವ ಲೆಕ್ಕ, ಅಷ್ಟೇ. ಅದನ್ನು ಮಾಡದಿದ್ದರೆ ಅದರ ಬೆಲೆ ಯಾರು ಕೊಡುತ್ತಾರೆ ಎನ್ನುವುದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಹೇಳುತ್ತೇನೆ.

ನನ್ನ ಮಾಮು ಭದ್ರಾವತಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ವಯಸ್ಸು ಐವತ್ತೆಂಟು. ಮೊದಲು ಕೈಯಲ್ಲೇ ಖಾತೆ ಪುಸ್ತಕ ಬರೆಯುತ್ತಿದ್ದವರು ಆಮೇಲೆ ಕಂಪ್ಯೂಟರ್ ಕಲಿತರು. ಈಗ ಚಿಕ್ಕ ಅಕ್ಷರ ಕಾಣುವುದಿಲ್ಲ ಎಂದು ವಿಂಡೋಸ್‌ನಲ್ಲಿ ಅಕ್ಷರದ ಅಳತೆಯನ್ನು 125 ಪರ್ಸೆಂಟ್‌ಗೆ ಇಟ್ಟುಕೊಂಡಿದ್ದರು. ಅಂಗಡಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂತು. ಬಿಲ್ ಮುಗಿಸುವಾಗ ಹಣ ಯಾವ ರೀತಿ ಬಂತು ಎಂದು ತುಂಬಲು ಅದರಲ್ಲಿ ಒಂದು ಪೆಟ್ಟಿಗೆ ತೆರೆಯುತ್ತದೆ. ತುಂಬಿದ ಮೇಲೆ ಒತ್ತಬೇಕಾದ ಬಟನ್ ಮಾತ್ರ ಮಾಮುಗೆ ಕಾಣಲೇ ಇಲ್ಲ. ಗಿರಾಕಿಗಳು ನಿಂತಿದ್ದಾರೆ, ಬಿಲ್ ಮುಂದೆ ಹೋಗುತ್ತಿಲ್ಲ.

“ಸಾಬ್ರೆ, ನಿಮಗೆ ವಯಸ್ಸಾಯ್ತು. ಇನ್ನು ಯಾರಾದ್ರೂ ಹುಡುಗರನ್ನ ಇಟ್ಕೋಬೇಕು” ಎಂದರು ಮಾಲೀಕರು.

“ಬಟನ್ನೇ ಇಲ್ಲ ಅಣ್ಣಾ, ಬೇಕಾದ್ರೆ ನೀವೇ ನೋಡಿ” ಎಂದರು ಮಾಮು. ಯಾರೂ ನೋಡಲಿಲ್ಲ.

ಮುಂದಿನ ಭಾನುವಾರ ನಾನು ಅಲ್ಲಿಗೆ ಹೋದಾಗ ಲೆಕ್ಕ ಹಾಕಿದೆ. ಪರದೆಯ ಅಳತೆ 1366 ಅಡ್ಡ, 768 ಉದ್ದ. 125 ಪರ್ಸೆಂಟ್‌ಗೆ ದೊಡ್ಡದು ಮಾಡಿದರೆ ಪ್ರೋಗ್ರಾಮ್‌ಗೆ ಸಿಗುವ ಎತ್ತರ 768 ಭಾಗಿಸು 1.25, ಅಂದರೆ ಸುಮಾರು 614. ಪೆಟ್ಟಿಗೆಯ ಎತ್ತರ 600. ಅದನ್ನು ಪರದೆಯ ನಟ್ಟನಡುವೆ ಇಡು ಎಂದು ಬರೆದಿದ್ದಾರೆ. ಹಾಗಾಗಿ ಮೇಲೆ 7, ಕೆಳಗೆ 7 ಉಳಿಯುತ್ತದೆ. ಆದರೆ ಕೆಳಗಡೆ 40 ಎತ್ತರದ ಟಾಸ್ಕ್‌ಬಾರ್ ಇದೆ. 40ರಲ್ಲಿ 7 ಕಳೆದರೆ 33. ಪೆಟ್ಟಿಗೆಯ ಕೆಳಗಿನ 33 ಅಳತೆಯಷ್ಟು ಭಾಗ ಟಾಸ್ಕ್‌ಬಾರ್ ಹಿಂದೆ ಅಡಗಿದೆ. ಬಟನ್ ಇದ್ದದ್ದು ಅಲ್ಲಿ.

ಅಂದರೆ ಮಾಮು ಹೇಳಿದ್ದು ಸರಿ. ಅವರ ಪರದೆಯಲ್ಲಿ ಬಟನ್ ಇರಲಿಲ್ಲ. ಅವರಿಗೆ ಬಿದ್ದ ಬೈಗುಳ ನಿಜವಾಗಿ ಆ 33ಕ್ಕೆ ಬೀಳಬೇಕಿತ್ತು. ಇದೇ ನಾನು ಹೇಳಬೇಕಾದ ಮುಖ್ಯ ಮಾತು. ಪಾಪ್‌ಅಪ್ ತಪ್ಪು ಜಾಗದಲ್ಲಿ ನಿಂತಾಗ ಯಾರೂ ‘ಪಾಪ್‌ಅಪ್ ತಪ್ಪು ಜಾಗದಲ್ಲಿದೆ’ ಎನ್ನುವುದಿಲ್ಲ. ‘ಇವರಿಗೆ ಕಂಪ್ಯೂಟರ್ ಬರುವುದಿಲ್ಲ’ ಎನ್ನುತ್ತಾರೆ. ತಪ್ಪು ಪ್ರೋಗ್ರಾಮ್‌ನಿಂದ ಮನುಷ್ಯನ ಖಾತೆಗೆ ವರ್ಗವಾಗುತ್ತದೆ. ವಯಸ್ಸಾದವರು, ಕಣ್ಣು ಮಂದ ಇರುವವರು, ಇಂಗ್ಲಿಷ್ ಹೆಚ್ಚು ಬಾರದವರು ಅದನ್ನು ಎದುರು ಮಾತಾಡದೆ ಒಪ್ಪಿಕೊಂಡುಬಿಡುತ್ತಾರೆ.

ಹಾಗಾದರೆ ಸರಿಯಾದ ಜಾಗ ಯಾವುದು? ಇದಕ್ಕೆ ಪ್ರೋಗ್ರಾಮ್ ಬರೆಯುವವರ ಲೋಕದಲ್ಲಿ ಈಗಾಗಲೇ ಒಳ್ಳೆಯ ಉತ್ತರ ಇದೆ. ಲಿನಕ್ಸ್‌ನಲ್ಲಿ ಬಳಕೆಗೆ ಬಂದಿರುವ ವೇಲ್ಯಾಂಡ್ ಎಂಬ ಪರದೆ ವ್ಯವಸ್ಥೆಯಲ್ಲಿ ‘ನನ್ನ ಪಟ್ಟಿಯನ್ನು ಪರದೆಯ 700, 450ರಲ್ಲಿ ಇಡು’ ಎಂದು ಪ್ರೋಗ್ರಾಮ್ ಹೇಳುವಂತಿಲ್ಲ. ‘ಈ ಬಟನ್‌ಗೆ ಅಂಟಿಕೊಂಡು, ಕೆಳಮುಖವಾಗಿ ತೆರೆ’ ಎಂದು ಹೇಳಬೇಕು. ಜಾಗ ಸಾಲದಿದ್ದರೆ ಏನು ಮಾಡಬೇಕು ಎಂದೂ ಮೊದಲೇ ತಿಳಿಸಬಹುದು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ತಿರುಗಿಸುವುದು: ಕೆಳಗೆ ಜಾಗ ಇಲ್ಲದಿದ್ದರೆ ಮೇಲಕ್ಕೆ ತೆರೆಯುವುದು. ಎರಡು, ಸರಿಸುವುದು: ಪರದೆಯ ಒಳಗೆ ಬರುವಷ್ಟು ಪಕ್ಕಕ್ಕೆ ತಳ್ಳುವುದು. ಮೂರು, ಕುಗ್ಗಿಸುವುದು: ಪೆಟ್ಟಿಗೆಯನ್ನೇ ಚಿಕ್ಕದು ಮಾಡುವುದು. ಪರದೆ ಎಷ್ಟು ದೊಡ್ಡದು, ಟಾಸ್ಕ್‌ಬಾರ್ ಎಲ್ಲಿದೆ ಎನ್ನುವುದು ವ್ಯವಸ್ಥೆಗೆ ಗೊತ್ತಿರುತ್ತದೆ. ಅದೇ ಲೆಕ್ಕ ಹಾಕಿ ಜಾಗ ಕೊಡುತ್ತದೆ. 2020ರ ಡಿಸೆಂಬರ್‌ನಲ್ಲಿ ಬಂದ ಜಿಟಿಕೆ 4 ಎಂಬ ವಿಜೆಟ್ ಸಂಗ್ರಹದಲ್ಲಿ, ಕಿಟಕಿಯನ್ನು ಇಂಥ ಸಂಖ್ಯೆಗೇ ಒಯ್ದು ಇಡುವ ಆಜ್ಞೆಯನ್ನು ತೆಗೆದೇ ಹಾಕಿದರು.

ಇದರ ಸಾರ ಒಂದೇ ಸಾಲಿನಲ್ಲಿ ಹೇಳಬಹುದು. ಜಾಗವನ್ನು ಸಂಖ್ಯೆಯಿಂದ ಹೇಳಬೇಡಿ, ಸಂಬಂಧದಿಂದ ಹೇಳಿ. ‘ಬಿ.ಎಚ್. ರಸ್ತೆಯ ಶುರುವಿನಿಂದ 430 ಹೆಜ್ಜೆ’ ಎಂದು ವಿಳಾಸ ಕೊಟ್ಟರೆ ರಸ್ತೆ ಅಗಲ ಮಾಡಿದ ದಿನ ವಿಳಾಸ ಕೆಡುತ್ತದೆ. ‘ಪೋಸ್ಟ್ ಆಫೀಸಿನ ಪಕ್ಕ’ ಎಂದರೆ ಕೆಡುವುದಿಲ್ಲ.

ಟಿಕಿಂಟರ್‌ನಲ್ಲೂ ಇದೇ ಪಾಠ ಇದೆ. ಅದರಲ್ಲಿ ವಿಜೆಟ್‌ಗಳನ್ನು ಜೋಡಿಸಲು ಪ್ಯಾಕ್, ಗ್ರಿಡ್, ಪ್ಲೇಸ್ ಎಂಬ ಮೂರು ವಿಧಾನಗಳಿವೆ. ಗ್ರಿಡ್ ಎಂದರೆ ನಮ್ಮ ಕ್ಯಾಶ್ ಬುಕ್ ಇದ್ದಂತೆ, ಸಾಲು ಮತ್ತು ಕಾಲಂ. ಅಕ್ಷರ ದೊಡ್ಡದಾದರೆ ಕಾಲಂ ತಾನೇ ಅಗಲವಾಗುತ್ತದೆ. ಪ್ಲೇಸ್‌ನಲ್ಲಿ ಎಕ್ಸ್ ಇಷ್ಟು, ವೈ ಇಷ್ಟು ಎಂದು ಮೊಳೆ ಹೊಡೆದಂತೆ ಕೂರಿಸಬಹುದು. ಹೊಸದಾಗಿ ಕಲಿಯುವವರಿಗೆ ಅದು ಸುಲಭ ಅನ್ನಿಸುತ್ತದೆ, ಬೇಗ ಮುಗಿಯುತ್ತದೆ. ಆದರೆ ಅಕ್ಷರ ದೊಡ್ಡದು ಮಾಡಿದಾಗ ಒಂದರ ಮೇಲೆ ಒಂದು ಬೀಳುವುದು ಅಲ್ಲಿಯೇ.

ಪರದೆಯ ಒಳಗೆ ಇದ್ದರೆ ಮಾತ್ರ ಸಾಲದು. ಪಾಪ್‌ಅಪ್ ಏನನ್ನು ಮುಚ್ಚುತ್ತದೆ ಎನ್ನುವುದನ್ನೂ ನೋಡಬೇಕು. ನಮ್ಮ ಶಿವಮೊಗ್ಗದ ಅಡಿಕೆ ವ್ಯಾಪಾರವನ್ನೇ ತೆಗೆದುಕೊಳ್ಳಿ. ಇಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆಯಾಗಿ ಮಾರುತ್ತಾರೆ. ಸರಕಿಗೂ ಗೊರಬಲಿಗೂ ಕ್ವಿಂಟಾಲಿಗೆ ಹತ್ತಾರು ಸಾವಿರ ರೂಪಾಯಿ ವ್ಯತ್ಯಾಸ. ಗುಮಾಸ್ತ ಒಂದು ಸಾಲನ್ನು ತೆಗೆದುಹಾಕಲು ಹೊರಡುತ್ತಾನೆ ಎಂದುಕೊಳ್ಳಿ. ಪರದೆಯ ನಡುವೆ ಪೆಟ್ಟಿಗೆ ತೆರೆಯುತ್ತದೆ: ‘ಈ ನಮೂದನ್ನು ಅಳಿಸಬೇಕೇ? ಹೌದು, ಇಲ್ಲ.’ ಯಾವ ನಮೂದು? ಅದನ್ನೇ ಪೆಟ್ಟಿಗೆ ಮುಚ್ಚಿಕೊಂಡಿದೆ! ಸರಕಿನ ಸಾಲೋ ಗೊರಬಲಿನ ಸಾಲೋ ನೋಡಬೇಕಾದರೆ ಮೊದಲು ‘ಇಲ್ಲ’ ಒತ್ತಿ ಹಿಂದೆ ಹೋಗಬೇಕು. ಸಂಜೆ ಅವಸರದಲ್ಲಿ ಯಾರು ಹಿಂದೆ ಹೋಗುತ್ತಾರೆ? ‘ಹೌದು’ ಒತ್ತುತ್ತಾರೆ. ಪ್ರಶ್ನೆ ಕೇಳುವ ಪೆಟ್ಟಿಗೆ ಉತ್ತರವನ್ನು ಮುಚ್ಚಬಾರದು. ಇದಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಡ, ಒಮ್ಮೆ ಗುಮಾಸ್ತನ ಕುರ್ಚಿಯಲ್ಲಿ ಕೂತು ನೋಡಿದರೆ ಸಾಕು.

ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಟ್ಯಾಲಿ ಬೆಂಗಳೂರಿನ ಕಂಪನಿ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಅದನ್ನು ಶುರು ಮಾಡಿದರು. ಟ್ಯಾಲಿಯಲ್ಲಿ ವೋಚರ್ ಬರೆಯುವಾಗ ಲೆಡ್ಜರ್ ಹೆಸರುಗಳ ಪಟ್ಟಿ ಬಲಗಡೆ ತೆರೆಯುತ್ತದೆ. ಬರೆಯುತ್ತಿರುವ ನಮೂದು ಎಡಗಡೆ ಕಾಣುತ್ತಲೇ ಇರುತ್ತದೆ. ಹೆಸರು ಹುಡುಕುವಾಗ ಮೊತ್ತ ಮರೆಯಾಗುವುದಿಲ್ಲ. ಪಟ್ಟಿ ಪ್ರತಿ ಸಲ ಅದೇ ಕಡೆ ಬರುವುದರಿಂದ ಕಣ್ಣಿಗೆ ಅಭ್ಯಾಸವಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪಟ್ಟಿ ಬಟನ್‌ಗೆ ಅಂಟಿಕೊಂಡಿರಬೇಕು ಎಂದು ಆಗ ಹೇಳಿ, ಈಗ ಬಲಗಡೆ ದೂರ ಇರುವುದನ್ನು ಹೊಗಳುವುದು ಹೇಗೆ? ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1954ರಲ್ಲಿ ಒಂದು ನಿಯಮ ಪ್ರಕಟಿಸಿದರು. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಕೈಗೆ ಹೆಚ್ಚು ಸಮಯ ಬೇಕು ಎನ್ನುವುದು ಅದರ ತಿರುಳು. ಮೌಸ್‌ನಿಂದ ಕೆಲಸ ಮಾಡುವಾಗ ಪಾಪ್‌ಅಪ್ ಹತ್ತಿರ ಇರಬೇಕಾದದ್ದು ಅದಕ್ಕೆ. ಟ್ಯಾಲಿಯಲ್ಲಿ ಕೈ ಕೀಲಿಮಣೆಯನ್ನು ಬಿಡುವುದೇ ಇಲ್ಲ. ಎಫ್‌5 ಒತ್ತಿದರೆ ಪೇಮೆಂಟ್, ಎಫ್‌6 ಒತ್ತಿದರೆ ರಸೀದಿ, ಎಫ್‌8 ಒತ್ತಿದರೆ ಮಾರಾಟ. ಹೆಸರಿನ ಮೊದಲ ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಮುಗಿಯಿತು. ಹಾಗಾಗಿ ಪಟ್ಟಿ ದೂರ ಇದ್ದರೂ ಕೈಗೆ ಕೆಲಸ ಹೆಚ್ಚುವುದಿಲ್ಲ. ಎಲ್ಲಕ್ಕೂ ಒಂದೇ ನಿಯಮ ಸಾಲದು. ಕೆಲಸ ಮಾಡುವವರ ಕೈ ಎಲ್ಲಿದೆ, ಕಣ್ಣು ಎಲ್ಲಿದೆ ಎಂದು ನೋಡಿ ಜಾಗ ನಿರ್ಧರಿಸಬೇಕು.

ಕೈಯ ಮಾತು ಬಂದಿದ್ದಕ್ಕೆ ಇನ್ನೊಂದು. ಮುಟ್ಟಿ ಬಳಸುವ ಪರದೆಯಿರುವ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ನೀವು ಬಲಗೈಯವರೋ ಎಡಗೈಯವರೋ ಎಂದು ಹೇಳುವ ಸೆಟ್ಟಿಂಗ್ ಇದೆ. ಬಲಗೈಯವರಿಗೆ ಮೆನು ಕೈಯ ಎಡಕ್ಕೆ ತೆರೆಯುತ್ತದೆ, ಎಡಗೈಯವರಿಗೆ ಬಲಕ್ಕೆ. ಇಲ್ಲದಿದ್ದರೆ ಅವರ ಕೈಯೇ ಮೆನುವನ್ನು ಮುಚ್ಚುತ್ತದೆ. ಯಾರೋ ಒಬ್ಬರು ಎಡಗೈಯವರ ಬಗ್ಗೆ ಯೋಚಿಸಿದ್ದರಿಂದ ಇದು ಆಗಿದೆ.

ಇನ್ನು ನಮ್ಮ ಭಾಷೆಗಳ ವಿಷಯ. ಕನ್ನಡ ಅಕ್ಷರ ಸಾಲಿನ ಕೆಳಗೂ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ನೋಡಿ ಬಟನ್‌ನ ಎತ್ತರವನ್ನು ಸಂಖ್ಯೆಯಲ್ಲಿ ಗಟ್ಟಿ ಮಾಡಿಟ್ಟರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ. ‘ಒಟ್ಟು ಮೊತ್ತ’ ಎನ್ನುವುದು ‘ಒಟು ಮೊತ’ ಆಗುತ್ತದೆ. ‘ಓಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಅಗಲದಲ್ಲಿ ‘ಮುಂದುವರಿಸಿ’ ಹಿಡಿಯುವುದಿಲ್ಲ.

ಟೈಪ್ ಮಾಡುವಾಗಲೂ ಪಾಪ್‌ಅಪ್ ಇದೆ. 2019ರಿಂದ ವಿಂಡೋಸ್ 10ರಲ್ಲಿ ಕನ್ನಡ ಫೋನೆಟಿಕ್ ಕೀಲಿಮಣೆ ಸಿಗುತ್ತದೆ. ಇಂಗ್ಲಿಷ್ ಕೀಲಿಗಳನ್ನು ಒತ್ತುತ್ತಾ ಹೋದಂತೆ ಕನ್ನಡ ಪದಗಳ ಒಂದು ಪುಟ್ಟ ಪಟ್ಟಿ ಕಾಣುತ್ತದೆ. ಆ ಪಟ್ಟಿ ನಾವು ಬರೆಯುತ್ತಿರುವ ಪದದ ಕೆಳಗೇ ಬರಬೇಕಾದರೆ ‘ಬರೆಯುವ ಗೆರೆ ಈಗ ಇಲ್ಲಿದೆ’ ಎಂದು ಪ್ರೋಗ್ರಾಮ್ ವ್ಯವಸ್ಥೆಗೆ ತಿಳಿಸುತ್ತಿರಬೇಕು. ಇಂಗ್ಲಿಷ್ ಮಾತ್ರ ಟೈಪ್ ಮಾಡಿ ಪರೀಕ್ಷಿಸಿದವರಿಗೆ ಇದರ ನೆನಪೇ ಇರುವುದಿಲ್ಲ. ಆಗ ಪಟ್ಟಿ ಪರದೆಯ ಯಾವುದೋ ಮೂಲೆಯಲ್ಲಿ ತೆರೆಯುತ್ತದೆ. ಬರೆಯುವುದು ಒಂದು ಕಡೆ, ಆರಿಸುವುದು ಇನ್ನೊಂದು ಕಡೆ. ಕೊನೆಗೆ ‘ಕನ್ನಡದಲ್ಲಿ ಟೈಪ್ ಮಾಡುವುದು ಕಷ್ಟ ಕಣೋ’ ಎಂದು ಇಂಗ್ಲಿಷ್‌ಗೇ ಹೋಗುತ್ತೇವೆ. ಇಲ್ಲೂ ಬೈಗುಳ ತಪ್ಪಾದವರ ಮೇಲೆ ಬಿತ್ತು. ಈ ಸಲ ಭಾಷೆಯ ಮೇಲೆ.

ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಮನೆಯಲ್ಲಿ ಉರ್ದು ಓದುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಉರ್ದು ಪರದೆಯಲ್ಲಿ ಖಾನೆಯ ಹೆಸರು ಬಲಕ್ಕೆ, ತುಂಬುವ ಜಾಗ ಅದರ ಎಡಕ್ಕೆ ಇರಬೇಕು. ಮೆನುವಿನೊಳಗಿನ ಮೆನು ಎಡಕ್ಕೆ ತೆರೆಯಬೇಕು. ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲವೂ ತಿರುಗಬೇಕು. ಕ್ಯೂಟ್ ಎಂಬ ವಿಜೆಟ್ ಸಂಗ್ರಹದಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಇಡೀ ಪರದೆ ಹೀಗೆ ತಿರುಗುತ್ತದೆ. ಆದರೆ ಜಾಗಗಳನ್ನು ಸಂಬಂಧದಿಂದ ಹೇಳಿದ್ದರೆ ಮಾತ್ರ. ಸಂಖ್ಯೆಯಿಂದ ಮೊಳೆ ಹೊಡೆದದ್ದು ತಿರುಗುವುದಿಲ್ಲ. ಕಣ್ಣು ಮಂದವಾದವರಿಗೆ, ಕನ್ನಡಿಗರಿಗೆ, ಉರ್ದು ಓದುವವರಿಗೆ, ಮೂವರಿಗೂ ಒಂದೇ ಮದ್ದು ಕೆಲಸ ಮಾಡುತ್ತದೆ ಎನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಬಳಸುವವರೇ ಹೊಂದಿಕೊಳ್ಳಲಿ, ತರಬೇತಿ ಕೊಟ್ಟರೆ ಆಯಿತು ಎನ್ನುವುದು. ಟಾಸ್ಕ್‌ಬಾರ್ ಹಿಂದೆ ಅಡಗಿದ ಬಟನ್ ನೋಡುವ ತರಬೇತಿ ಯಾವುದಿದೆ? ಅಕ್ಷರವನ್ನು ಮತ್ತೆ ಚಿಕ್ಕದು ಮಾಡಿಕೊಳ್ಳಿ ಎಂದರೆ ಕನ್ನಡಕ ತೆಗೆದಿಟ್ಟು ಓದಿ ಎಂದ ಹಾಗೆ. ಎರಡನೆಯದು, ಚಿಕ್ಕ ಊರಿನ ಪ್ರೋಗ್ರಾಮರ್‌ಗೆ ಕೊಡುವುದೇ ಕಡಿಮೆ ಹಣ, ಇಷ್ಟೆಲ್ಲ ಅವನು ಎಲ್ಲಿ ನೋಡುತ್ತಾನೆ ಎನ್ನುವುದು. ಈ ಮಾತಿನಲ್ಲಿ ಸತ್ಯ ಇದೆ. ಕಡಿಮೆ ಬೆಲೆಗೆ ಕೊಂಡ ಅಂಗಡಿಯವರದೂ ಪಾಲು ಇದೆ. ಆದರೆ ಪೆಟ್ಟಿಗೆ ತೆರೆಯುವ ಮೊದಲು ಪರದೆಯ ಎತ್ತರ ಕೇಳಿ, ಹಿಡಿಯದಿದ್ದರೆ ಕುಗ್ಗಿಸುವುದು ಕೆಲವೇ ಸಾಲುಗಳ ಕೆಲಸ. ಆ ಸಾಲುಗಳನ್ನು ಒಬ್ಬರು ಒಮ್ಮೆ ಬರೆದರೆ ನೂರು ಅಂಗಡಿಯ ನೂರು ಜನರಿಗೆ ದಿನಾ ಆಗುವ ತೊಂದರೆ ತಪ್ಪುತ್ತದೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ತೆಗೆಯುವುದೂ ಸದಕಾ ಎಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಹೇಳಿಕೊಡುತ್ತಾರೆ. ಇದೂ ಅಂಥದ್ದೇ ಎಂದು ನಾನು ನಂಬುತ್ತೇನೆ.

ಪೆಟ್ಟಿಗೆಯ ಬಟನ್ ಕಾಣದೆ ಸಿಕ್ಕಿಬಿದ್ದವರಿಗೆ ಒಂದು ಉಪಾಯ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ಆಮೇಲೆ ಎಂ ಒತ್ತಿ. ಈಗ ಬಾಣದ ಕೀಲಿಗಳಿಂದ ಪೆಟ್ಟಿಗೆಯನ್ನು ಮೇಲಕ್ಕೆ ಸರಿಸಬಹುದು. ಹೆಚ್ಚಿನ ಪೆಟ್ಟಿಗೆಗಳಿಗೆ ಇದು ನಡೆಯುತ್ತದೆ. ಸೆಮಿನಾರ್ ಹಾಲ್‌ನಲ್ಲಿ ಪ್ರೊಜೆಕ್ಟರ್ ತೆಗೆದ ಮೇಲೆ ಕಿಟಕಿ ಪರದೆಯ ಆಚೆ ಉಳಿದು ಕಾಣದಿದ್ದರೂ ಇದೇ ಉಪಾಯ ಮಾಡಿ ನೋಡಬಹುದು. ನಿಮ್ಮ ಮನೆಯ ಹಿರಿಯರಿಗೂ ಕಲಿಸಿಕೊಡಿ.

ಆದರೆ ಉಪಾಯ ಪರಿಹಾರ ಅಲ್ಲ. ನಮ್ಮ ಕಾಲೇಜಿಗೆ ನನ್ನದೊಂದು ಸಲಹೆ ಇದೆ. ಕಂಪ್ಯೂಟರ್ ಲ್ಯಾಬಿನ ಒಂದು ಯಂತ್ರವನ್ನು ಖಾಯಂ ಆಗಿ 125 ಪರ್ಸೆಂಟ್ ಅಕ್ಷರದಲ್ಲಿ ಇಡಬೇಕು, ಅದರಲ್ಲಿ ಕನ್ನಡ ಮತ್ತು ಉರ್ದು ಕೀಲಿಮಣೆ ಹಾಕಿರಬೇಕು. ಯಾರೇ ಪ್ರಾಜೆಕ್ಟ್ ಮಾಡಿದರೂ ತೋರಿಸುವ ಮೊದಲು ಅದರ ಮೇಲೆ ಓಡಿಸಿ ನೋಡಬೇಕು. ಕೇಳಬೇಕಾದ ಪ್ರಶ್ನೆ ನಾಲ್ಕೇ: ಎಲ್ಲ ಬಟನ್ ಕಾಣುತ್ತಿದೆಯೇ? ಕಿಟಕಿಯನ್ನು ಪರದೆಯ ಮೂಲೆಗೆ ಎಳೆದರೂ ಪಟ್ಟಿ ಒಳಗೇ ತೆರೆಯುತ್ತದೆಯೇ? ಪೆಟ್ಟಿಗೆ ತಾನು ಕೇಳುತ್ತಿರುವ ವಿಷಯವನ್ನೇ ಮುಚ್ಚುತ್ತಿದೆಯೇ? ಒತ್ತಕ್ಷರ ಪೂರ್ತಿ ಕಾಣುತ್ತಿದೆಯೇ? ಈ ಪರೀಕ್ಷೆಯನ್ನು ಪ್ರೋಗ್ರಾಮ್ ಬರೆದವರು ಮಾಡಬಾರದು. ಕಾಮರ್ಸ್ ವಿಭಾಗದ ಒಬ್ಬರು ಮಾಡಬೇಕು. ಲೆಕ್ಕ ಬರೆದವರೇ ಆಡಿಟ್ ಮಾಡಬಾರದು ಎಂದು ನಾವೇ ಓದುತ್ತೇವಲ್ಲವೇ? ಸೈನ್ಸ್ ವಿಭಾಗದ ಸ್ನೇಹಿತರು ಒಪ್ಪಿದರೆ, ಲ್ಯಾಬಿನ ಸರ್ ಅನುಮತಿ ಕೊಟ್ಟರೆ, ಮೊದಲ ಆಡಿಟರ್ ಆಗಿ ಕೂರಲು ನಾನು ತಯಾರಿದ್ದೇನೆ.